ಯಾರೂ ನೋಡದ ಸಂಬಳ ಪಟ್ಟಿ: ಬಾಸ್ಟನ್ ನಗರದ ಒಂದು ಪ್ರಕರಣ ಅಧ್ಯಯನ

2016ರಲ್ಲಿ ಬಾಸ್ಟನ್ ಪ್ರದೇಶದ 69 ಸಂಸ್ಥೆಗಳು ತಮ್ಮ ಸಂಬಳದ ಲೆಕ್ಕವನ್ನು ಒಂದುಗೂಡಿಸಿದವು. ನೌಕರರು ಸುಮಾರು 1,12,600 ಮಂದಿ, ಅವರ ವಾರ್ಷಿಕ ಸಂಬಳ ಸುಮಾರು 1,100 ಕೋಟಿ ಡಾಲರ್. ಕೂಡಿ, ಭಾಗಿಸಿ ನೋಡಿದಾಗ ಬಂದ ಉತ್ತರ ಹೀಗಿತ್ತು: ಪುರುಷರು ಸರಾಸರಿ ಒಂದು ಡಾಲರ್ ಗಳಿಸುವಲ್ಲಿ ಮಹಿಳೆಯರು ಗಳಿಸುತ್ತಿದ್ದುದು 77 ಸೆಂಟ್.

ಈ ಉತ್ತರ ಮುಖ್ಯವಾದದ್ದೇ. ಆದರೆ ಅದು ಬಂದ ದಾರಿ ನನಗೆ ಇನ್ನೂ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಆ 69 ಸಂಸ್ಥೆಗಳಲ್ಲಿ ಒಂದರ ಸಂಬಳದ ಅಂಕಿಯನ್ನೂ ಹೊರಗಿನವರು ಯಾರೂ ನೋಡಲಿಲ್ಲ. ಲೆಕ್ಕ ಕೇಳಿದ ಬಾಸ್ಟನ್ ವಿಮೆನ್ಸ್ ವರ್ಕ್‌ಫೋರ್ಸ್ ಕೌನ್ಸಿಲ್ ಎಂಬ ಮಂಡಳಿಗೆ ಕಾಣಲಿಲ್ಲ, ಲೆಕ್ಕ ಮಾಡಿದ ವಿಶ್ವವಿದ್ಯಾಲಯಕ್ಕೂ ಕಾಣಲಿಲ್ಲ. ಸಂಸ್ಥೆಗಳ ನಡುವೆಯೂ ಒಬ್ಬರದು ಇನ್ನೊಬ್ಬರಿಗೆ ತಿಳಿಯಲಿಲ್ಲ. ಕಾಣದ ಅಂಕಿಗಳನ್ನು ಕೂಡಿದ ಮೊತ್ತ ಮಾತ್ರ ಎಲ್ಲರಿಗೂ ಕಂಡಿತು. ಇದನ್ನು ಸಾಧ್ಯ ಮಾಡಿದವರು ಬಾಸ್ಟನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕ ಅಜರ್ ಬೆಸ್ಟಾವ್ರೋಸ್ ಮತ್ತು ಆಂಡ್ರೇ ಲಾಪೆಟ್ಸ್, ಮಯಾಂಕ್ ವಾರಿಯಾ ಮೊದಲಾದ ಅವರ ಸಹೋದ್ಯೋಗಿಗಳು. ಈ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ನೋಡುವುದು ಈ ಬರಹದ ಕೆಲಸ.

ಮೂರನೆಯ ವಾಗ್ದಾನ

ಬಾಸ್ಟನ್ ವಿಮೆನ್ಸ್ ವರ್ಕ್‌ಫೋರ್ಸ್ ಕೌನ್ಸಿಲ್ ಹುಟ್ಟಿದ್ದು 2013ರಲ್ಲಿ, ಥಾಮಸ್ ಮೆನಿನೊ ಮೇಯರ್ ಆಗಿದ್ದಾಗ. ಗಂಡಸರ ಮತ್ತು ಹೆಂಗಸರ ವೇತನದ ನಡುವಿನ ಅಂತರವನ್ನು ತೊಡೆದುಹಾಕಿದ ಮೊದಲ ಅಮೆರಿಕನ್ ನಗರ ಬಾಸ್ಟನ್ ಆಗಬೇಕು ಎಂಬುದು ಅದರ ಗುರಿ. ನಗರದ ಉದ್ಯೋಗದಾತರಿಂದ ಈ ಮಂಡಳಿ ಒಂದು ಒಪ್ಪಂದಕ್ಕೆ ಸಹಿ ಪಡೆಯುತ್ತಿತ್ತು. ಒಪ್ಪಂದದಲ್ಲಿ ಮೂರು ವಾಗ್ದಾನಗಳಿದ್ದವು. ತಮ್ಮಲ್ಲಿ ಅಂತರ ಏಕಿದೆ ಎಂದು ಪರಿಶೀಲಿಸುವುದು ಮೊದಲನೆಯದು. ಅದನ್ನು ತಗ್ಗಿಸಲು ಕ್ರಮ ಕೈಗೊಳ್ಳುವುದು ಎರಡನೆಯದು. ನಗರದ ಒಟ್ಟು ಅಂತರವನ್ನು ಅಳೆಯಲು ತಮ್ಮ ಸಂಬಳದ ಮಾಹಿತಿಯನ್ನು ಗುರುತು ಬಿಟ್ಟುಕೊಡದೆ ಒದಗಿಸುವುದು ಮೂರನೆಯದು.

ಮೊದಲ ಎರಡಕ್ಕೆ ಸಹಿ ಹಾಕಲು ಹೆಚ್ಚು ಧೈರ್ಯ ಬೇಕಿಲ್ಲ. ತೊಡಕೆಲ್ಲ ಮೂರನೆಯದರಲ್ಲಿತ್ತು.

ವೇತನದ ಅಂತರದ ಬಗ್ಗೆ ಅಂಕಿಅಂಶಗಳು ಅಮೆರಿಕದಲ್ಲಿ ಹೊಸತೇನಲ್ಲ. ಆದರೆ ಅವುಗಳಲ್ಲಿ ಬಹುಪಾಲು, ಮನೆಮನೆಯ ಸಮೀಕ್ಷೆಯಲ್ಲಿ ಜನರನ್ನು ಕೇಳಿ ಪಡೆದವು. ಮಂಡಳಿಗೆ ಬೇಕಾಗಿದ್ದುದು ಸಂಸ್ಥೆಗಳ ಸಂಬಳ ಪಟ್ಟಿಯಿಂದಲೇ ಬಂದ ಅಂಕಿ. ಮಂಡಳಿಯನ್ನು ಮುನ್ನಡೆಸಿದವರಲ್ಲಿ ಒಬ್ಬರಾದ ಎವೆಲಿನ್ ಮರ್ಫಿ ಸ್ವತಃ ಅರ್ಥಶಾಸ್ತ್ರಜ್ಞೆ, ಹಿಂದೆ ಮ್ಯಾಸಚೂಸೆಟ್ಸ್ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಆಗಿದ್ದವರು. ನೆನಪಿನಿಂದ ಹೇಳಿದ ಸಂಬಳಕ್ಕೂ ಪಾವತಿಯಾದ ಸಂಬಳಕ್ಕೂ ಇರುವ ವ್ಯತ್ಯಾಸವನ್ನು ಅಂಥವರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಕೊಡುವವರ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ಕಾನೂನು ಅಮೆರಿಕದಲ್ಲಿ 1963ರಲ್ಲೇ ಬಂದಿದೆ. ತನ್ನ ಸಂಸ್ಥೆಯಲ್ಲಿ ಹೆಂಗಸರಿಗೆ ಕಡಿಮೆ ಸಂಬಳವಿದೆ ಎಂದು ತೋರಿಸುವ ಹಾಳೆಯನ್ನು ಉದ್ಯೋಗದಾತ ಬೇರೊಬ್ಬರ ಕೈಗಿತ್ತರೆ, ಅದು ನಾಳೆ ನ್ಯಾಯಾಲಯದಲ್ಲಿ ತನ್ನ ವಿರುದ್ಧವೇ ಸಾಕ್ಷಿಯಾಗಬಹುದು. ಪ್ರತಿಸ್ಪರ್ಧಿಗೆ ಆ ಹಾಳೆ ಸಿಕ್ಕರೆ ಯಾರನ್ನು ಎಷ್ಟು ಕೊಟ್ಟು ಸೆಳೆಯಬಹುದು ಎಂಬುದೂ ತಿಳಿದುಹೋಗುತ್ತದೆ. ಆ ಅಳುಕನ್ನು ದುರುದ್ದೇಶವೆಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ತಪ್ಪನ್ನು ತಿದ್ದಿಕೊಳ್ಳಲು ಹೊರಟ ಸಂಸ್ಥೆಗೂ ಆ ಭಯ ನಿಜವೇ.

ಹೆಸರು ಅಳಿಸಿದರೆ ಸಾಲದು

ಹಾಗಾದರೆ ಸಂಸ್ಥೆಯ ಹೆಸರನ್ನೂ ನೌಕರರ ಹೆಸರನ್ನೂ ಅಳಿಸಿ ಅಂಕಿಗಳನ್ನು ಮಾತ್ರ ಕಳುಹಿಸಿದರಾಗದೇ? ಈ ಪ್ರಶ್ನೆಗೆ ಉತ್ತರ ಅದೇ ರಾಜ್ಯದಲ್ಲಿ ಎಷ್ಟೋ ವರ್ಷಗಳ ಮೊದಲೇ ಸಿಕ್ಕಿತ್ತು. 1990ರ ದಶಕದಲ್ಲಿ ಲಟಾನ್ಯಾ ಸ್ವೀನಿ ಎಂಬ ಸಂಶೋಧಕಿ, ಮ್ಯಾಸಚೂಸೆಟ್ಸ್ ಸರ್ಕಾರಿ ನೌಕರರ ವೈದ್ಯಕೀಯ ಮಾಹಿತಿಯ ಕಡತವೊಂದನ್ನು ಪಡೆದರು. ಅದರಲ್ಲಿ ಹೆಸರುಗಳಿರಲಿಲ್ಲ, ಹುಟ್ಟಿದ ದಿನಾಂಕ, ಲಿಂಗ, ಅಂಚೆ ಸಂಕೇತ ಇದ್ದವು. ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು 20 ಡಾಲರ್‌ಗೆ ಕೊಂಡು ಎರಡನ್ನೂ ಹೊಂದಿಸಿ ನೋಡಿದಾಗ, ಆಗಿನ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆ ಬೇರೆಯಾಗಿ ಎದ್ದು ನಿಂತಿತು.

ಸಂಬಳದ ವಿಷಯದಲ್ಲಿ ಅಷ್ಟು ಶ್ರಮವೂ ಬೇಡ. ಒಂದು ಸಂಸ್ಥೆಯ ಉನ್ನತ ಅಧಿಕಾರಿಗಳಲ್ಲಿ ಒಬ್ಬರೇ ಕಪ್ಪು ಮಹಿಳೆ ಇದ್ದರೆ, ಆ ಸಾಲಿನಲ್ಲಿರುವ ಸಂಬಳ ಯಾರದೆಂದು ಊಹಿಸಲು ಹೆಸರಿನ ಅಗತ್ಯವಿಲ್ಲ.

ಉಳಿದ ಹಳೆಯ ದಾರಿಯೆಂದರೆ ಎಲ್ಲರೂ ನಂಬುವ ಒಬ್ಬ ಮಧ್ಯಸ್ಥ. ಎಲ್ಲ ಹಾಳೆಗಳೂ ಅವರ ಬಳಿಗೆ ಹೋಗುತ್ತವೆ, ಅವರು ಕೂಡಿಸಿ ಮೊತ್ತ ಹೇಳುತ್ತಾರೆ, ಹಾಳೆಗಳನ್ನು ಸುಡುತ್ತಾರೆ. ಇಲ್ಲಿ ಮಧ್ಯಸ್ಥರ ಪ್ರಾಮಾಣಿಕತೆ ಒಂದು ಸಣ್ಣ ಭಾಗ ಮಾತ್ರ. ಅವರು ಎಷ್ಟೇ ಒಳ್ಳೆಯವರಾದರೂ ಅವರ ಕಂಪ್ಯೂಟರಿಗೆ ಕಳ್ಳರು ನುಗ್ಗಬಹುದು; ನ್ಯಾಯಾಲಯ ಸಮನ್ಸ್ ಕಳುಹಿಸಿ ಹಾಳೆಗಳನ್ನು ತರಲು ಹೇಳಬಹುದು. ಕೈಯಲ್ಲಿರುವುದನ್ನು ಕೊಡುವುದಿಲ್ಲ ಎನ್ನುವಂತಿಲ್ಲ. ಕೈಯಲ್ಲಿ ಇಲ್ಲದ್ದನ್ನು ಮಾತ್ರ ಯಾರೂ ಕೊಡಲಾರರು. ಇಡೀ ಪ್ರಕರಣದ ತಿರುಳು ಇಲ್ಲಿದೆ. ನಂಬಿಕಸ್ಥ ಮಧ್ಯಸ್ಥರನ್ನು ಹುಡುಕುವ ಬದಲು, ಯಾರ ಕೈಯಲ್ಲೂ ಏನೂ ಉಳಿಯದಂತೆ ಲೆಕ್ಕ ಮಾಡಲು ಬರುತ್ತದೆಯೇ ಎಂದು ಕೇಳಬೇಕಿತ್ತು.

ಕಾಗದದ ಮೇಲೆ ಬಗೆಹರಿದಿದ್ದ ಪ್ರಶ್ನೆ

ಸಿದ್ಧಾಂತದ ಮಟ್ಟದಲ್ಲಿ ಇದಕ್ಕೆ ಉತ್ತರ ಆಗಲೇ ಇತ್ತು. ಕಂಪ್ಯೂಟರ್ ವಿಜ್ಞಾನಿ ಆಂಡ್ರ್ಯೂ ಯಾವೊ 1982ರಲ್ಲಿ ಒಂದು ಒಗಟನ್ನು ಮುಂದಿಟ್ಟಿದ್ದರು: ಇಬ್ಬರು ಕೋಟ್ಯಧೀಶರು ತಮ್ಮ ಆಸ್ತಿ ಎಷ್ಟೆಂದು ಬಾಯಿಬಿಡದೆ, ಇಬ್ಬರಲ್ಲಿ ಯಾರು ಹೆಚ್ಚು ಸಿರಿವಂತರು ಎಂಬುದನ್ನು ಮಾತ್ರ ತಿಳಿಯುವುದು ಹೇಗೆ? ಒಂದು ಗುಟ್ಟನ್ನು ಹಲವು ಪಾಲು ಮಾಡಿ ಹಂಚುವ ಬಗೆಯನ್ನು ಆದಿ ಶಮೀರ್ 1979ರಲ್ಲೇ ತೋರಿಸಿದ್ದರು. 1987ರಲ್ಲಿ ಗೋಲ್ಡ್‌ರೈಶ್, ಮಿಕಾಲಿ, ವಿಗ್ಡರ್ಸನ್ ಮೂವರೂ ಸೇರಿ, ಕಂಪ್ಯೂಟರ್ ಮಾಡಬಲ್ಲ ಯಾವ ಲೆಕ್ಕವನ್ನಾದರೂ ಹೀಗೆ ಗುಟ್ಟು ಬಿಡದೆ ಹಲವರು ಕೂಡಿ ಮಾಡಬಹುದು ಎಂದು ಸಾಧಿಸಿದರು. ಈ ವಿದ್ಯೆಗೆ ಸುರಕ್ಷಿತ ಬಹುಪಕ್ಷೀಯ ಗಣನೆ ಎಂದು ಹೆಸರು.

ಪ್ರಯೋಗಶಾಲೆಯಿಂದ ಹೊರಗೆ ಬರಲು ಅದಕ್ಕೆ ಎರಡು ದಶಕ ಹಿಡಿಯಿತು. 2008ರ ಜನವರಿಯಲ್ಲಿ ಡೆನ್ಮಾರ್ಕ್‌ನ ಸುಮಾರು 1,200 ಸಕ್ಕರೆ ಬೀಟ್ ಬೆಳೆಗಾರರು ತಮ್ಮ ಬಿಡ್ಡುಗಳನ್ನು ಯಾರಿಗೂ ತೋರಿಸದೆ ಮಾರುಕಟ್ಟೆಯ ಬೆಲೆಯನ್ನು ಕಂಡುಕೊಂಡರು. ಬೀಟ್ ಕೊಳ್ಳುವ ಕಂಪನಿ ಅಲ್ಲಿ ಒಂದೇ ಒಂದು. ಯಾವ ರೈತ ಎಷ್ಟಕ್ಕೆ ಮಣಿಯುತ್ತಾನೆ ಎಂದು ಅದಕ್ಕೆ ತಿಳಿದರೆ ಮುಂದಿನ ವರ್ಷದ ಚೌಕಾಶಿಯಲ್ಲಿ ರೈತ ಸೋತಂತೆಯೇ. ಗಣನೆ ಸುಮಾರು ಅರ್ಧ ಗಂಟೆಯಲ್ಲಿ ಮುಗಿದಿತ್ತು. ದೊಡ್ಡ ಪ್ರಮಾಣದಲ್ಲಿ ಈ ವಿದ್ಯೆ ಜನರ ಕೆಲಸಕ್ಕೆ ಬಂದದ್ದು ಅದೇ ಮೊದಲು.

ಬಾಸ್ಟನ್ ವಿಶ್ವವಿದ್ಯಾಲಯ ಇರುವುದು ಚಾರ್ಲ್ಸ್ ನದಿಯ ದಡದಲ್ಲಿ. ನದಿಯ ಆಚೆ ದಡದಲ್ಲಿ ಎಂಐಟಿ, ಅಂದರೆ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ. ಈ ವಿದ್ಯೆಯ ಅಡಿಪಾಯ ಹಾಕಿದವರಲ್ಲಿ ಮಿಕಾಲಿ ಅಲ್ಲಿಯವರೇ. ಅಂದರೆ ಜ್ಞಾನಕ್ಕೆ ಆ ಊರಿನಲ್ಲಿ ಕೊರತೆಯಿರಲಿಲ್ಲ. ಆದರೂ ಬೆಸ್ಟಾವ್ರೋಸ್ ಅವರ ತಂಡ ಆ ಪ್ರಬಲವಾದ ವಿಧಾನಗಳನ್ನು ಪಕ್ಕಕ್ಕಿಟ್ಟು, ಬರೀ ಕೂಡುವುದು ಕಳೆಯುವುದಷ್ಟೇ ಇರುವ ಒಂದು ವಿಧಾನವನ್ನು ಆರಿಸಿಕೊಂಡಿತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ನಿರ್ಧಾರ ಇದು. ಸಂಶೋಧಕನಿಗೆ ತನ್ನ ಕ್ಷೇತ್ರದ ಅತ್ಯಂತ ಜಾಣ ಉಪಕರಣವನ್ನು ಬಳಸುವ ಆಸೆ ಸಹಜವಾಗಿಯೇ ಇರುತ್ತದೆ. ಪ್ರಬಂಧಗಳಿಗೆ ಮನ್ನಣೆ ಸಿಗುವುದೂ ಅದರಿಂದಲೇ.

ಸರಳತೆಯನ್ನು ಬೇಡಿದ್ದು ಪರಿಸ್ಥಿತಿ. ಒಪ್ಪಿಗೆ ಕೊಡಬೇಕಾಗಿದ್ದವರು ಸಂಸ್ಥೆಗಳ ಮುಖ್ಯಸ್ಥರು, ವಕೀಲರು, ಮಾನವ ಸಂಪನ್ಮೂಲ ವಿಭಾಗದ ಅಧಿಕಾರಿಗಳು. ನಮ್ಮ ಗಣಿತವನ್ನು ನಂಬಿ ಎಂದು ಅವರಿಗೆ ಹೇಳಿದರೆ, ಹಳೆಯ ಮಧ್ಯಸ್ಥನನ್ನು ನಂಬಿ ಎಂದು ಹೇಳಿದಂತೆಯೇ ಆಗುತ್ತದೆ. ನಂಬಿಕೆ ಒಬ್ಬರ ಮೇಲಿಂದ ಇನ್ನೊಬ್ಬರ ಮೇಲಕ್ಕೆ ಹೋಗಿ ಕೂತಿತು, ಅಷ್ಟೇ. ಗುಟ್ಟು ಏಕೆ ಬಯಲಾಗುವುದಿಲ್ಲ ಎಂಬುದು ಆ ವಕೀಲರಿಗೆ ತಮ್ಮದೇ ಬುದ್ಧಿಯಿಂದ ಮನವರಿಕೆಯಾಗಬೇಕು, ಅದೂ ಒಂದೇ ಸಭೆಯ ಅವಧಿಯಲ್ಲಿ.

ಮುಸುಕಿನ ಲೆಕ್ಕ

ಆ ವಿಧಾನವನ್ನು ಚಿಕ್ಕ ಅಂಕಿಗಳಲ್ಲಿ ಮಾಡಿ ನೋಡೋಣ. ಇವು ತಿಳಿಸಲಿಕ್ಕಾಗಿ ನಾನು ಇಟ್ಟುಕೊಂಡ ಅಂಕಿಗಳು.

ಮೂರು ಸಂಸ್ಥೆಗಳು. ಒಂದು ವರ್ಗದ ಮಹಿಳಾ ನೌಕರರಿಗೆ ಅವು ಕೊಡುವ ಒಟ್ಟು ಸಂಬಳ, ಸಾವಿರ ಡಾಲರ್ ಲೆಕ್ಕದಲ್ಲಿ, ಕ್ರಮವಾಗಿ 300, 250, 200. ಮೂರನ್ನೂ ಕೂಡಿದರೆ 750. ಬಿಡಿ ಅಂಕಿಗಳು ತಿಳಿಯದೆ ಈ 750 ತಿಳಿಯಬೇಕು.

ಪ್ರತಿ ಸಂಸ್ಥೆಯ ಬ್ರೌಸರ್ 0ಯಿಂದ 999ರ ಒಳಗೆ ಮನಸ್ಸಿಗೆ ಬಂದ ಒಂದು ಸಂಖ್ಯೆಯನ್ನು ಹುಟ್ಟಿಸುತ್ತದೆ. ಅದನ್ನು ಮುಸುಕು ಎನ್ನೋಣ. ಮೊದಲ ಸಂಸ್ಥೆಗೆ 812, ಎರಡನೆಯದಕ್ಕೆ 97, ಮೂರನೆಯದಕ್ಕೆ 560 ಬಂತು ಎಂದುಕೊಳ್ಳಿ. ಸಂಬಳಕ್ಕೆ ಮುಸುಕನ್ನು ಕೂಡಬೇಕು. ಮೊತ್ತ ಸಾವಿರ ಮುಟ್ಟಿದರೆ, ಗಡಿಯಾರದ ಮುಳ್ಳು ಹನ್ನೆರಡು ದಾಟಿ ಮತ್ತೆ ಒಂದಕ್ಕೆ ಬರುವಂತೆ, ಸಾವಿರವನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೊಳ್ಳಬೇಕು. 300ಕ್ಕೆ 812 ಕೂಡಿದರೆ 1112, ಸಾವಿರ ಬಿಟ್ಟರೆ 112. ಎರಡನೆಯದು 347. ಮೂರನೆಯದು 760. ಮುಸುಕು ಹಾಕಿಕೊಂಡ ಈ ಮೂರು ಅಂಕಿಗಳು ವಿಶ್ವವಿದ್ಯಾಲಯದ ಸರ್ವರಿಗೆ ಹೋಗುತ್ತವೆ. 112 ಎಂಬುದನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದರ ಹಿಂದಿದ್ದದ್ದು 300 ಎಂದು ಹೇಳಲಾಗದು. ಮುಸುಕು ಯಾವುದಾದರೂ ಆಗಿರಬಹುದಾದ್ದರಿಂದ ಸಂಬಳವೂ ಯಾವುದಾದರೂ ಆಗಿರಬಹುದು, ಎಲ್ಲಕ್ಕೂ ಸಮಾನ ಸಾಧ್ಯತೆ. ಗಡಿಯಾರದ ಸುತ್ತು ಬೇಕಾದದ್ದು ಇದಕ್ಕಾಗಿಯೇ. ಸುತ್ತಿಲ್ಲದೆ ಬರೀ ಕೂಡಿದ್ದರೆ, 1112 ಎಂಬ ಅಂಕಿಯನ್ನು ಕಂಡವರು ಸಂಬಳ 113ಕ್ಕಿಂತ ಕಡಿಮೆ ಇರಲಾರದು ಎಂದು ತಿಳಿದುಬಿಡುತ್ತಿದ್ದರು. ಅಷ್ಟು ಸೋರುವುದೂ ಬೇಡ.

ಇನ್ನು ಮುಸುಕುಗಳ ದಾರಿ. ಪ್ರತಿ ಬ್ರೌಸರ್ ತನ್ನ ಮುಸುಕನ್ನು ಮಂಡಳಿಯ ಬಹಿರಂಗ ಕೀಲಿಯಿಂದ (ಎಲ್ಲರಿಗೂ ಕೊಟ್ಟಿರುವ, ಬೀಗ ಹಾಕಲು ಮಾತ್ರ ಬರುವ ಕೀಲಿ) ಬೀಗ ಹಾಕಿ ಕಳುಹಿಸುತ್ತದೆ. ಬೀಗ ತೆಗೆಯುವ ಖಾಸಗಿ ಕೀಲಿ ಇರುವುದು ಮಂಡಳಿಯ ಬಳಿ ಮಾತ್ರ. ವಿಶ್ವವಿದ್ಯಾಲಯದ ಸರ್ವರ್‌ಗೆ ಮುಸುಕು ಕಾಣದು. ಮಂಡಳಿಗೆ ಮುಸುಕು ಹಾಕಿದ ಅಂಕಿ ಕಾಣದು.

ಸರ್ವರ್ ತನ್ನ ಮೂರನ್ನು ಕೂಡುತ್ತದೆ: 112, 347, 760 ಸೇರಿ 1219, ಅಂದರೆ 219. ಮಂಡಳಿ ಮುಸುಕುಗಳನ್ನು ಕೂಡುತ್ತದೆ: 812, 97, 560 ಸೇರಿ 1469, ಅಂದರೆ 469. 219ರಲ್ಲಿ 469 ಕಳೆಯಬೇಕು. ಸಾಲದಿದ್ದರೆ ಗಡಿಯಾರವನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿದಂತೆ ಸಾವಿರ ಸೇರಿಸಿಕೊಳ್ಳಬೇಕು. 1219ರಲ್ಲಿ 469 ಹೋದರೆ 750.

ವಿಧಾನ ಇಷ್ಟೇ. ನಿಜವಾದ ವ್ಯವಸ್ಥೆಯಲ್ಲಿ ಸಾವಿರದ ಜಾಗದಲ್ಲಿ ಬಹಳ ದೊಡ್ಡ ಸಂಖ್ಯೆ ಇರುತ್ತದೆ, ಮುಸುಕನ್ನು ಹುಟ್ಟಿಸುವಲ್ಲಿ ಹೆಚ್ಚಿನ ಎಚ್ಚರ ಇರುತ್ತದೆ. ಆದರೆ ತತ್ತ್ವ ಪ್ರಾಥಮಿಕ ಶಾಲೆಯ ಗಣಿತವನ್ನು ಮೀರುವುದಿಲ್ಲ. ಕಾಗದ, ಪೆನ್ನು ಇದ್ದರೆ ವಕೀಲರು ತಾವೇ ಮಾಡಿ ಪರೀಕ್ಷಿಸಬಹುದು. ಈ ಗುಣವನ್ನು ತಂಡ ಭದ್ರತೆಯಷ್ಟೇ ಮುಖ್ಯವೆಂದು ಎಣಿಸಿತು.

ಇನ್ನೂ ಒಂದು ಅನುಕೂಲವಿದೆ, ಮೊದಲ ನೋಟಕ್ಕೆ ಕಾಣದ್ದು. ಬಹುಪಕ್ಷೀಯ ಗಣನೆಯ ಅನೇಕ ವಿಧಾನಗಳಲ್ಲಿ ಭಾಗವಹಿಸುವ ಎಲ್ಲರ ಕಂಪ್ಯೂಟರ್‌ಗಳೂ ಒಂದೇ ಸಮಯಕ್ಕೆ ಎಚ್ಚರವಿದ್ದು ಪರಸ್ಪರ ಸಂದೇಶ ಕಳುಹಿಸುತ್ತಿರಬೇಕು. 69 ಸಂಸ್ಥೆಗಳ ಅಧಿಕಾರಿಗಳನ್ನು ಹಾಗೆ ಕೂರಿಸುವುದು ಆಗದ ಮಾತು. ಇಲ್ಲಿ ಪ್ರತಿಯೊಬ್ಬರೂ ತಮಗೆ ಬಿಡುವಾದಾಗ ಪುಟ ತೆರೆದು, ಅಂಕಿ ತುಂಬಿ, ಕಳುಹಿಸಿ, ಮುಚ್ಚಬಹುದು. ಯಾವ ತಂತ್ರಾಂಶವನ್ನೂ ಹಾಕಿಕೊಳ್ಳಬೇಕಿಲ್ಲ. ದೊಡ್ಡ ಸಂಸ್ಥೆಯ ಕಚೇರಿ ಕಂಪ್ಯೂಟರಿನಲ್ಲಿ ಹೊಸದೊಂದು ತಂತ್ರಾಂಶ ಹಾಕಲು ಎಷ್ಟು ಜನರ ಅನುಮತಿ ಬೇಕೆಂದು ಬಲ್ಲವರಿಗೆ, ಬರೀ ಬ್ರೌಸರ್ ಸಾಕು ಎಂಬ ಮಾತಿನ ಬೆಲೆ ತಿಳಿಯುತ್ತದೆ.

ಕಾಣದ ಅಂಕಿಯಲ್ಲಿ ಕಾಣದ ತಪ್ಪು

ಪ್ರಶ್ನಾವಳಿಯ ರೂಪವನ್ನೂ ಯೋಚಿಸಿ ಆರಿಸಿದ್ದರು. 100 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಅಮೆರಿಕದ ಖಾಸಗಿ ಸಂಸ್ಥೆಗಳು ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ಪ್ರತಿವರ್ಷ ಒಂದು ವರದಿ ಕೊಡಬೇಕು. ಅದರಲ್ಲಿ 10 ಉದ್ಯೋಗ ವರ್ಗಗಳು, ಜನಾಂಗವನ್ನು ಕುರಿತ 7 ವರ್ಗಗಳು, ಗಂಡು ಮತ್ತು ಹೆಣ್ಣು ಎಂಬ ವಿಂಗಡಣೆ ಇವೆ. ಎಷ್ಟು ಜನ ಎಂಬ ಲೆಕ್ಕ ಮಾತ್ರ ಅಲ್ಲಿ ಕೇಳುತ್ತಿದ್ದರು, ಸಂಬಳವನ್ನಲ್ಲ. ಮಂಡಳಿ ಅದೇ ಚೌಕಟ್ಟನ್ನು ಇಟ್ಟುಕೊಂಡು ಸಂಬಳವನ್ನು ಸೇರಿಸಿತು. ಸಂಸ್ಥೆಗಳಿಗೆ ಆ ವಿಂಗಡಣೆ ಆಗಲೇ ಅಭ್ಯಾಸವಾಗಿತ್ತು. ಆದರೂ 10 ವರ್ಗ, 7 ವರ್ಗ, 2 ಲಿಂಗ ಎಂದರೆ ಒಂದು ಕೋಷ್ಟಕದಲ್ಲೇ 140 ಮನೆಗಳು. ಒಂದಕ್ಕಿಂತ ಹೆಚ್ಚು ಕೋಷ್ಟಕಗಳು.

ಇಷ್ಟು ಮನೆಗಳನ್ನು ತುಂಬುವಾಗ ಕೈ ತಪ್ಪದಿರುವುದಿಲ್ಲ. ಒಂದು ಸೊನ್ನೆ ಹೆಚ್ಚಾಗುತ್ತದೆ. ಸಂಬಳ ತುಂಬುವಲ್ಲಿ ಜನರ ಸಂಖ್ಯೆ ಬೀಳುತ್ತದೆ. ಹೆಂಗಸರ ಸಾಲು ಗಂಡಸರ ಸಾಲಾಗುತ್ತದೆ. ಮಾಮೂಲಿ ಸಮೀಕ್ಷೆಯಲ್ಲಿ ಇದು ದೊಡ್ಡ ಸಮಸ್ಯೆಯಲ್ಲ. ಲೆಕ್ಕಿಗರು ಹಾಳೆಯನ್ನು ನೋಡಿ, ಹುಬ್ಬು ಗಂಟಿಕ್ಕಿ, ಫೋನ್ ಮಾಡಿ ಕೇಳುತ್ತಾರೆ. ಇಲ್ಲಿ ಹಾಳೆಯನ್ನು ನೋಡುವವರೇ ಇಲ್ಲ. ಮುಸುಕು ಹಾಕಿದ ಮೇಲೆ ಸರಿಯಾದ ಅಂಕಿಯೂ ತಪ್ಪಾದ ಅಂಕಿಯೂ ಒಂದೇ ಥರದ ಕಸದಂತೆ ಕಾಣುತ್ತವೆ. ಒಬ್ಬರ ಒಂದು ಹೆಚ್ಚುವರಿ ಸೊನ್ನೆ ಇಡೀ ನಗರದ ಸರಾಸರಿಯನ್ನು ಎಳೆದುಬಿಡಬಹುದು. ಮೊತ್ತ ವಿಚಿತ್ರವಾಗಿದೆ ಎಂದು ಗೊತ್ತಾದರೂ ತಪ್ಪು ಯಾರದೆಂದು ಗೊತ್ತಾಗುವುದಿಲ್ಲ.

ಗೌಪ್ಯತೆಯ ಬಗ್ಗೆ ಬರೆಯುವವರು ಈ ಬೆಲೆಯನ್ನು ಹೆಚ್ಚಾಗಿ ಹೇಳುವುದಿಲ್ಲ. ಹೇಳಬೇಕು. ಕಣ್ಣು ಮುಚ್ಚಿಸಿದರೆ ಕಳ್ಳನಿಗೂ ಕಾಣದು, ಕಾವಲುಗಾರನಿಗೂ ಕಾಣದು.

ತಂಡ ಕಂಡುಕೊಂಡ ಪರಿಹಾರ, ಪರಿಶೀಲನೆಯನ್ನು ಮುಸುಕಿಗಿಂತ ಮುಂಚಿನ ಹೊತ್ತಿಗೆ ಒಯ್ಯುವುದು. ಅಂಕಿ ಇನ್ನೂ ತುಂಬುವವರ ಕಂಪ್ಯೂಟರಿನಲ್ಲೇ ಇರುವಾಗ ಪುಟ ಅದನ್ನು ಪರೀಕ್ಷಿಸುತ್ತದೆ. ಅಂಕಿಯ ಜಾಗದಲ್ಲಿ ಅಕ್ಷರವಿದೆಯೇ, ಜನರೇ ಇಲ್ಲದ ಮನೆಯಲ್ಲಿ ಸಂಬಳವಿದೆಯೇ, ಮೊತ್ತ ನಂಬಲಾಗದಷ್ಟು ದೊಡ್ಡದೇ ಎಂಬಂಥ ಪ್ರಶ್ನೆಗಳು ಅಲ್ಲೇ ಏಳಬೇಕು. ಪುಟವನ್ನು ಸ್ಪ್ರೆಡ್‌ಶೀಟ್‌ನಂತೆಯೇ ರೂಪಿಸಿದರು. ತುಂಬುವವರು ದಿನವೂ ಕೆಲಸ ಮಾಡುವುದು ಸ್ಪ್ರೆಡ್‌ಶೀಟ್‌ನಲ್ಲಿ. ಅಲ್ಲಿಂದ ನಕಲು ಮಾಡಿ ಇಲ್ಲಿ ಅಂಟಿಸಿದರೆ ಕೈತಪ್ಪುಗಳು ತಾವಾಗಿಯೇ ಕಡಿಮೆಯಾಗುತ್ತವೆ. ತಪ್ಪು ಕಳುಹಿಸಿದೆನೆಂದು ಆಮೇಲೆ ಅನಿಸಿದರೆ ಮತ್ತೊಮ್ಮೆ ಕಳುಹಿಸುವ ಅವಕಾಶವಿತ್ತು; ಹೊಸದು ಹಳೆಯದರ ಜಾಗದಲ್ಲಿ ಕೂರುತ್ತದೆ.

ಈ ಕೆಲಸವನ್ನು ಬರೀ ವಿನ್ಯಾಸದ ಕುಸುರಿ ಎಂದು ಕರೆದು ಸಂಶೋಧನೆಯ ಹೊರಗಿಡುವ ರೂಢಿಯಿದೆ. ಈ ಪ್ರಕರಣವನ್ನು ಓದಿದ ಮೇಲೆ ನನಗೆ ಅದನ್ನು ಒಪ್ಪಲಾಗುತ್ತಿಲ್ಲ. ನಕಲು ಮಾಡಿ ಅಂಟಿಸಲು ಬಾರದ ಪುಟವಾಗಿದ್ದರೆ ಎಷ್ಟು ಬಲವಾದ ಗೂಢಲಿಪಿ ಇದ್ದರೂ ಬಂದ ಉತ್ತರ ಸುಳ್ಳಾಗಿರುತ್ತಿತ್ತು.

ಒಂದು ಸಲವೇ ತೆರೆಯುವ ಪೆಟ್ಟಿಗೆ

2015ರಲ್ಲಿ ಮೊದಲ ಸಂಗ್ರಹ ನಡೆಯಿತು, 2016ರಲ್ಲಿ ಮೇಲೆ ಹೇಳಿದ 69 ಸಂಸ್ಥೆಗಳದ್ದು, 2017ರಲ್ಲಿ 114 ಸಂಸ್ಥೆಗಳದ್ದು. ಆ ವರ್ಷ ಸುಮಾರು 1,67,000 ನೌಕರರ ಸಂಬಳದ ಲೆಕ್ಕ ಕೂಡಿತು. ಪುರುಷರ ಒಂದು ಡಾಲರ್‌ಗೆ ಮಹಿಳೆಯರದು 76 ಸೆಂಟ್ ಎಂದು ಬಂತು.

77 ಇದ್ದದ್ದು 76 ಆಯಿತಲ್ಲ, ಹೆಂಗಸರ ಸ್ಥಿತಿ ಕೆಟ್ಟಿತೇ? ಹಾಗೆ ಹೇಳಲು ಬಾರದು. 2017ರಲ್ಲಿ ಬಂದವರಲ್ಲಿ ಅನೇಕರು ಹೊಸಬರು. ಅದೇ 69 ಸಂಸ್ಥೆಗಳಲ್ಲಿ ಏನಾಯಿತು ಎಂದು ನೋಡಬೇಕೆಂದರೆ ಅವುಗಳ ಅಂಕಿಗಳನ್ನು ಬೇರೆಯಾಗಿ ಕೂಡಬೇಕು. ಅಂಥ ಲೆಕ್ಕ ಬೇಕೆಂದು ಮುಂಚೆಯೇ ಯೋಚಿಸಿ ವ್ಯವಸ್ಥೆ ಮಾಡಿರಬೇಕು. ತೆರೆದ ಸಂಬಳ ಪಟ್ಟಿ ಕೈಯಲ್ಲಿದ್ದರೆ ಅರ್ಥಶಾಸ್ತ್ರಜ್ಞರು ಇವತ್ತು ಒಂದು ಪ್ರಶ್ನೆ ಕೇಳಿ, ನಾಳೆ ಹೊಳೆದ ಇನ್ನೊಂದನ್ನೂ ಕೇಳುತ್ತಾರೆ. ಇಲ್ಲಿ ಪ್ರಶ್ನೆ ಮೊದಲೇ ನಿಗದಿಯಾಗಬೇಕು. ಪೆಟ್ಟಿಗೆ ತೆರೆಯುವುದು ಒಂದು ಸಲ.

ಒಂದೇ ಸಲ ಏಕೆ ಎಂಬುದನ್ನೂ ನೋಡಬೇಕು. 68 ಸಂಸ್ಥೆಗಳು ಕಳುಹಿಸಿದಾಗ ಒಮ್ಮೆ ಮೊತ್ತ ತೆಗೆದು, ತಡವಾಗಿ ಬಂದ ಒಂದನ್ನು ಸೇರಿಸಿ ಮತ್ತೊಮ್ಮೆ ಮೊತ್ತ ತೆಗೆದರೆ, ಎರಡರ ವ್ಯತ್ಯಾಸವೇ ಆ ಒಂದು ಸಂಸ್ಥೆಯ ಅಂಕಿ. ಯಾವ ಗೂಢಲಿಪಿಯನ್ನೂ ಒಡೆಯಬೇಕಿಲ್ಲ, ಕಳೆಯಲು ಬಂದರೆ ಸಾಕು. ಹಾಗೆಯೇ ಒಂದು ಮನೆಗೆ ಎರಡೇ ಸಂಸ್ಥೆಗಳು ಅಂಕಿ ತುಂಬಿದ್ದರೆ, ಮೊತ್ತ ಪ್ರಕಟವಾದ ಕೂಡಲೇ ಒಬ್ಬರಿಗೆ ಇನ್ನೊಬ್ಬರದು ತಿಳಿಯುತ್ತದೆ. ದಾರಿಯುದ್ದಕ್ಕೂ ಅಂಕಿಯನ್ನು ಕಾಪಾಡುವುದು ಒಂದು ಕೆಲಸ, ಕೊನೆಗೆ ಪ್ರಕಟಿಸುವ ಉತ್ತರವೇ ಏನನ್ನು ಬಿಟ್ಟುಕೊಡುತ್ತದೆ ಎಂದು ತೂಗುವುದು ಇನ್ನೊಂದು ಕೆಲಸ. ಮುಸುಕಿನ ಲೆಕ್ಕ ಮೊದಲನೆಯದನ್ನು ಮಾತ್ರ ಮಾಡುತ್ತದೆ. ಎರಡನೆಯದಕ್ಕೆ ಸಣ್ಣ ಗುಂಪುಗಳನ್ನು ಒಟ್ಟುಗೂಡಿಸುವುದು, ಕೆಲವು ಮನೆಗಳನ್ನು ಪ್ರಕಟಿಸದೇ ಬಿಡುವುದು ಮುಂತಾದ ಬೇರೆ ವಿವೇಕ ಬೇಕು.

ನಂಬಿಕೆ ಸಂಪೂರ್ಣವಾಗಿ ಮಾಯವಾಯಿತೇ ಎಂದರೆ ಅದೂ ಇಲ್ಲ. ವಿಶ್ವವಿದ್ಯಾಲಯವೂ ಮಂಡಳಿಯೂ ಗುಟ್ಟಾಗಿ ಕೈಜೋಡಿಸಿದರೆ, ಒಬ್ಬರ ಬಳಿಯ ಮುಸುಕನ್ನು ಇನ್ನೊಬ್ಬರ ಬಳಿಯ ಅಂಕಿಯಿಂದ ಕಳೆದು ಎಲ್ಲವನ್ನೂ ಬಯಲು ಮಾಡಬಹುದು. ಮೊದಲು ಒಬ್ಬ ಮಧ್ಯಸ್ಥ ಕೆಡದಿರಲಿ ಎಂದು ಹಾರೈಸಬೇಕಿತ್ತು. ಈಗ ಬೇರೆ ಬೇರೆ ಹಿತಾಸಕ್ತಿಯ ಎರಡು ಸಂಸ್ಥೆಗಳು ಒಟ್ಟಿಗೆ ಕೆಡದಿದ್ದರೆ ಸಾಕು. ಕಳ್ಳರೂ ಎರಡು ಕಡೆ ನುಗ್ಗಬೇಕು, ಸಮನ್ಸ್ ಎರಡು ಕಡೆ ಹೋಗಬೇಕು. ಇದು ದೊಡ್ಡ ಸುಧಾರಣೆ, ಪವಾಡವಲ್ಲ. ಇನ್ನೊಂದು ಸೂಕ್ಷ್ಮ ದೌರ್ಬಲ್ಯ ಬ್ರೌಸರ್‌ನದ್ದು. ಮುಸುಕು ಹಾಕುವ ಜಾವಾಸ್ಕ್ರಿಪ್ಟ್ (ಬ್ರೌಸರ್‌ನಲ್ಲಿ ಓಡುವ ಪ್ರೋಗ್ರಾಂ) ಬರುವುದು ವಿಶ್ವವಿದ್ಯಾಲಯದ ಸರ್ವರ್‌ನಿಂದಲೇ. ಆ ಸರ್ವರನ್ನು ಹಿಡಿತಕ್ಕೆ ತೆಗೆದುಕೊಂಡವರು ಮುಸುಕು ಹಾಕದೆಯೇ ಅಂಕಿ ಕಳುಹಿಸುವ ಪುಟವನ್ನು ಕೊಡಬಲ್ಲರು. ತಂಡ ತನ್ನ ಪ್ರೋಗ್ರಾಂನ ಮೂಲ ಬರಹವನ್ನು (ಸೋರ್ಸ್ ಕೋಡ್) ಬಹಿರಂಗವಾಗಿ ಇಟ್ಟಿದ್ದರಿಂದ ಬಲ್ಲವರು ಓದಿ ನೋಡಬಹುದು. ಆದರೆ ಓದಿದ್ದೂ ಬ್ರೌಸರಿಗೆ ಬಂದದ್ದೂ ಒಂದೇ ಎಂದು ಮಾನವ ಸಂಪನ್ಮೂಲ ವಿಭಾಗದ ಅಧಿಕಾರಿ ಪ್ರತಿ ಸಲ ಖಚಿತಪಡಿಸಿಕೊಳ್ಳಲಾರರು. ತಂತ್ರಾಂಶ ಹಾಕಿಕೊಳ್ಳಬೇಕಿಲ್ಲ ಎಂಬ ಅನುಕೂಲಕ್ಕೆ ತೆತ್ತ ಬೆಲೆ ಇದು. ನನ್ನ ಲೆಕ್ಕದಲ್ಲಿ ಅದು ಸರಿಯಾದ ವ್ಯಾಪಾರ. ಬೇರೆ ದಾರಿ ಹಿಡಿದಿದ್ದರೆ ಹೆಚ್ಚಿನ ಸಂಸ್ಥೆಗಳು ಬಾಗಿಲಲ್ಲೇ ತಿರುಗಿಹೋಗುತ್ತಿದ್ದವು.

77 ಸೆಂಟ್ ಎಂಬ ಅಂಕಿಯ ಬಗ್ಗೆಯೂ ಒಂದು ಮಾತು. ಅದು ಎಲ್ಲ ಗಂಡಸರ ಸರಾಸರಿಯೊಂದಿಗೆ ಎಲ್ಲ ಹೆಂಗಸರ ಸರಾಸರಿಯನ್ನು ಹೋಲಿಸಿದ್ದು. ಒಂದೇ ಮೇಜಿನ ಎರಡು ಬದಿಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರ ಹೋಲಿಕೆಯಲ್ಲ. ಮೇಲಿನ ಹುದ್ದೆಗಳಲ್ಲಿ ಹೆಂಗಸರು ಕಡಿಮೆ ಇದ್ದರೂ ಅಂತರ ಹಿಗ್ಗುತ್ತದೆ. ಅದೂ ಅನ್ಯಾಯದ ಒಂದು ರೂಪವೇ, ಆದರೆ ಮದ್ದು ಬೇರೆ. ಉದ್ಯೋಗ ವರ್ಗ ಮತ್ತು ಜನಾಂಗದ ವಿಂಗಡಣೆ ಆ ಕೋಷ್ಟಕದಲ್ಲಿ ಇರಬೇಕಾಗಿದ್ದುದು ಇದಕ್ಕಾಗಿ.

ಇದೇ ಅವಧಿಯಲ್ಲಿ ರಾಜ್ಯದ ಕಾನೂನೂ ಬದಲಾಯಿತು. ಮ್ಯಾಸಚೂಸೆಟ್ಸ್‌ನ ಹೊಸ ಸಮಾನ ವೇತನ ಕಾಯ್ದೆಗೆ 2016ರ ಆಗಸ್ಟ್‌ನಲ್ಲಿ ಸಹಿ ಬಿದ್ದು, 2018ರ ಜುಲೈ 1ರಿಂದ ಅದು ಜಾರಿಗೆ ಬಂತು. ತನ್ನ ಸಂಬಳ ಪದ್ಧತಿಯನ್ನು ತಾನೇ ಪ್ರಾಮಾಣಿಕವಾಗಿ ಪರಿಶೀಲಿಸಿ, ಅಂತರ ತಗ್ಗಿಸುವತ್ತ ಹೆಜ್ಜೆ ಇಟ್ಟಿರುವುದನ್ನು ತೋರಿಸಬಲ್ಲ ಸಂಸ್ಥೆಗೆ ಆ ಕಾಯ್ದೆ ನ್ಯಾಯಾಲಯದಲ್ಲಿ ಒಂದು ರಕ್ಷಣೆ ಕೊಡುತ್ತದೆ. ತನ್ನ ಲೆಕ್ಕವನ್ನು ತಾನೇ ನೋಡಲು ಹೆದರುವ ಸ್ಥಿತಿಯನ್ನು ಕಾನೂನು ಒಂದು ಕಡೆಯಿಂದ ಸಡಿಲಗೊಳಿಸಿತು. ಮುಸುಕಿನ ಲೆಕ್ಕ ಇನ್ನೊಂದು ಕಡೆಯಿಂದ.

ತಂಡದ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ನಂತರದ ವರ್ಷಗಳಲ್ಲಿ ಅವರು ಬ್ರೌಸರ್‌ಗಳಲ್ಲಿ ಇಂಥ ಗಣನೆ ನಡೆಸಲು ಜಿಫ್ ಎಂಬ ತಂತ್ರಾಂಶ ಸಂಗ್ರಹವನ್ನು ಬರೆದು ಎಲ್ಲರ ಬಳಕೆಗೆ ಬಿಟ್ಟರು. ಬರೀ ಕೂಡುವುದನ್ನು ಮೀರಿದ ಲೆಕ್ಕಗಳೂ ಅದರಲ್ಲಿ ಸಾಧ್ಯ. ಇನ್ನೊಂದು ಪ್ರಶ್ನೆ ಅವರನ್ನು ಕಾಡುತ್ತಿತ್ತು: ಪುಟ ತುಂಬುವವರು ಎಲ್ಲಿ ಎಡವುತ್ತಿದ್ದಾರೆ? ಸಾಮಾನ್ಯವಾಗಿ ಇದನ್ನು ತಿಳಿಯಲು, ಬಳಸುವವರು ಯಾವ ಮನೆಯಲ್ಲಿ ಎಷ್ಟು ಹೊತ್ತು ನಿಂತರು, ಎಷ್ಟು ಸಲ ತಪ್ಪು ಮಾಡಿದರು ಎಂದು ಸರ್ವರ್ ದಾಖಲಿಸಿಕೊಳ್ಳುತ್ತದೆ. ಅಂಥ ದಾಖಲೆಯಿಂದಲೂ ಒಂದು ಸಂಸ್ಥೆಯ ಬಗ್ಗೆ ಏನಾದರೂ ಸೋರಬಹುದು. ಆದ್ದರಿಂದ ತುಂಬುವವರ ಎಡವುಗಳನ್ನೂ ಅವರು ಬಹುಪಕ್ಷೀಯ ಗಣನೆಯಲ್ಲೇ ಎಣಿಸಿದರು. ಇಂಥ ತಪ್ಪು ಒಟ್ಟು ಎಷ್ಟು ಸಲ ಆಯಿತು ಎಂಬುದು ತಿಳಿಯಿತು. ತಪ್ಪಿದ್ದು ಯಾವ ಸಂಸ್ಥೆಯ ಕೈ ಎಂಬುದು ತಿಳಿಯಲಿಲ್ಲ.